ನಿಕ್ಸನ್ ಆ ಟೇಪುಗಳನ್ನು ಸುಟ್ಟು ಹಾಕಲಿಲ್ಲ ಯಾಕೆ?

ತುಂಗಾತೀರ

ಅಮೆರಿಕದ ಅಧ್ಯಕ್ಷ ನಿಕ್ಸನ್ ಕುರ್ಚಿ ಕಳೆದುಕೊಂಡ ವಾಟರ್‌ಗೇಟ್ ಹಗರಣದ ಬಗ್ಗೆ ಎಷ್ಟು ಓದಿದರೂ ಒಂದು ವಿಷಯ ಮಾತ್ರ ನನ್ನ ತಲೆಗೆ ಹತ್ತುತ್ತಿಲ್ಲ. 1973ರ ಜುಲೈ 16ರಂದು ಅಲೆಕ್ಸಾಂಡರ್ ಬಟರ್‌ಫೀಲ್ಡ್ ಅನ್ನುವ ಶ್ವೇತಭವನದ ಮಾಜಿ ಅಧಿಕಾರಿ ಸೆನೆಟ್ ಸಮಿತಿ ಮುಂದೆ ಕೂತ. ಟಿವಿಯಲ್ಲಿ ದೇಶವೆಲ್ಲ ನೋಡ್ತಿತ್ತು. ಅಧ್ಯಕ್ಷರ ಕಚೇರಿಯಲ್ಲಿ ನಡೆಯುವ ಮಾತೆಲ್ಲ ರೆಕಾರ್ಡ್ ಆಗುತ್ತದೆ ಎಂದು ಅಲ್ಲೇ ಹೇಳಿಬಿಟ್ಟ.

ಅಲ್ಲಿಯವರೆಗೆ ನಿಕ್ಸನ್ ವಿರುದ್ಧ ಗಟ್ಟಿಯಾಗಿ ಇದ್ದದ್ದು ಜಾನ್ ಡೀನ್ ಒಬ್ಬನ ಹೇಳಿಕೆ. ಶ್ವೇತಭವನದ ವಕೀಲ ಒಂದು ಹೇಳ್ತಾನೆ, ಅಧ್ಯಕ್ಷ ಇನ್ನೊಂದು ಹೇಳ್ತಾನೆ. ಯಾರನ್ನು ನಂಬೋದು? ಹಾಗೇ ಎಳೆದಾಡಿಕೊಂಡು ಅವಧಿ ಮುಗಿಸಿಬಿಡಬಹುದಿತ್ತು. ಎಂಟು ತಿಂಗಳ ಹಿಂದಷ್ಟೇ 50ರಲ್ಲಿ 49 ರಾಜ್ಯ ಗೆದ್ದು ಬಂದ ಮನುಷ್ಯ.

ಟೇಪುಗಳು ಅವನ ಸುಪರ್ದಿಯಲ್ಲೇ ಇದ್ದವು. ಯಾವ ಕೋರ್ಟೂ ಇನ್ನೂ ಕೇಳಿರಲಿಲ್ಲ. ಸುಟ್ಟು ಹಾಕಿದ್ದರೆ ನಾಲ್ಕು ದಿನ ಬೈಗುಳ ತಿಂದು ಸುಮ್ನಾಗಬಹುದಿತ್ತು ಅಲ್ವಾ? ಯಾಕೆ ಸುಡಲಿಲ್ಲ?

ಕಾಫಿಪುಡಿ

ಸೊಕ್ಕು. ಬೇರೆ ಏನೂ ಇಲ್ಲ. ತನ್ನನ್ನು ಯಾರು ಏನು ಮಾಡ್ತಾರೆ ಅನ್ನೋ ಸೊಕ್ಕು.

ಆದರೆ ಹಳೇಪೇಪರ್ ಸಾರ್, ನೀವು ಇಲ್ಲಿದ್ದರೆ ಮೊದಲಿಂದ ಸ್ವಲ್ಪ ಹೇಳಿ. ಕಳ್ಳತನ ಅಂತ ಶುರುವಾಗಿದ್ದು ಟೇಪಿಗೆ ಹೇಗೆ ಬಂತು ಅನ್ನೋದೇ ನಮ್ಮಂಥವರಿಗೆ ಗೋಜಲು.

ಹಳೇಪೇಪರ್

ಹೇಳ್ತೀನಿ. ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

1972ರ ಜೂನ್ 17, ಮಧ್ಯರಾತ್ರಿ ದಾಟಿದ ಹೊತ್ತು. ವಾಷಿಂಗ್ಟನ್‌ನಲ್ಲಿ ವಾಟರ್‌ಗೇಟ್ ಅನ್ನುವ ಕಟ್ಟಡಗಳ ಸಮುಚ್ಚಯ. ಅದರ 6ನೇ ಮಹಡಿಯಲ್ಲಿ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಿತಿಯ ಕಚೇರಿ. ರಾತ್ರಿ ಪಾಳಿಯ ಕಾವಲುಗಾರ ಫ್ರ್ಯಾಂಕ್ ವಿಲ್ಸ್, ವಯಸ್ಸು 24. ಗಸ್ತು ತಿರುಗುವಾಗ ಕೆಳಗಿನ ಗ್ಯಾರೇಜ್ ಕಡೆಯ ಬಾಗಿಲಿಗೆ ಅಂಟುಪಟ್ಟಿ ಹಚ್ಚಿದ್ದು ಕಂಡಿತು. ಬೀಗದ ನಾಲಿಗೆ ಹೊರಬರದಂತೆ ಯಾರೋ ಮೆತ್ತಿದ್ದರು. ಕೆಲಸದವರು ಯಾರೋ ಬಿಟ್ಟಿರಬೇಕು ಅಂತ ಕಿತ್ತು ಹಾಕಿ ಹೋದ. ಸ್ವಲ್ಪ ಹೊತ್ತು ಬಿಟ್ಟು ಬಂದು ನೋಡಿದರೆ ಅದೇ ಜಾಗದಲ್ಲಿ ಮತ್ತೆ ಅಂಟುಪಟ್ಟಿ! ಪೊಲೀಸರಿಗೆ ಫೋನ್ ಮಾಡಿದ.

ಕಳ್ಳರು ಎರಡನೇ ಸಲ ಅದನ್ನು ಹಚ್ಚದೇ ಹೋಗಿದ್ದರೆ ನಾವು ಇವತ್ತು ಇಲ್ಲಿ ಮಾತಾಡ್ತಾ ಇರಲಿಲ್ಲ. ಪೊಲೀಸರು ಬಂದದ್ದು ಸಮವಸ್ತ್ರವಿಲ್ಲದೆ. ಎದುರಿನ ಹೋಟೆಲಿನಲ್ಲಿ ಕಾವಲು ಕೂತಿದ್ದ ಕಳ್ಳರ ಕಡೆಯವನಿಗೆ ಅವರು ಪೊಲೀಸರು ಅಂತ ಹೊಳೆಯುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ಸಿಕ್ಕಿಬಿದ್ದವರು 5 ಜನ. ಕೈಗೆ ಆಸ್ಪತ್ರೆಯ ಕೈಗವಸು, ಜತೆಗೆ ಕ್ಯಾಮೆರಾ, ಕದ್ದು ಕೇಳುವ ಸಲಕರಣೆ, ಒಂದರ ಹಿಂದೆ ಒಂದು ನಂಬರ್ ಇರುವ 100 ಡಾಲರ್ ನೋಟುಗಳು. ಮೇ ತಿಂಗಳಲ್ಲೇ ಒಮ್ಮೆ ನುಗ್ಗಿ ಇಟ್ಟಿದ್ದ ಕದ್ದಾಲಿಕೆ ಯಂತ್ರ ಸರಿಯಾಗಿ ಕೆಲಸ ಮಾಡದ್ದಕ್ಕೆ ಮತ್ತೆ ಬಂದಿದ್ದರು.

ಐವರಲ್ಲಿ ಜೇಮ್ಸ್ ಮೆಕಾರ್ಡ್ ಅನ್ನುವವನು ನಿಕ್ಸನ್ ಮರುಆಯ್ಕೆ ಸಮಿತಿಯ ಭದ್ರತಾ ಮುಖ್ಯಸ್ಥ. ಇನ್ನೊಬ್ಬನ ಹತ್ತಿರ ಸಿಕ್ಕಿದ ವಿಳಾಸ ಪುಸ್ತಕದಲ್ಲಿ ಹೋವರ್ಡ್ ಹಂಟ್ ಅನ್ನುವ ಮಾಜಿ ಗೂಢಚಾರನ ಹೆಸರು, ಪಕ್ಕದಲ್ಲಿ ಶ್ವೇತಭವನದ ಗುರುತು. ಐವರಲ್ಲೇ ಒಬ್ಬನಾದ ಬಾರ್ಕರ್‌ನ ಮಯಾಮಿ ಬ್ಯಾಂಕ್ ಖಾತೆಯಲ್ಲಿ 25,000 ಡಾಲರಿನ ಒಂದು ಚೆಕ್. ಅದು ನಿಕ್ಸನ್ ಪ್ರಚಾರಕ್ಕೆ ಬಂದ ದೇಣಿಗೆ! ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ದುಡ್ಡಿನ ಜಾಡು ಹಿಡಿದು ಹೊರಟಿತು.

ಇಲ್ಲಿಂದ ಮುಂದೆ ನಡೆದದ್ದೇ ನಿಜವಾದ ಅಪರಾಧ. ಜೂನ್ 23ರಂದು, ಕಳ್ಳತನ ಆದ ಆರೇ ದಿನಕ್ಕೆ, ಆಪ್ತ ಹಾಲ್ಡೆಮನ್ ಬಂದು ನಿಕ್ಸನ್‌ಗೆ ಒಂದು ಉಪಾಯ ಹೇಳುತ್ತಾನೆ. ಗೂಢಚಾರ ಸಂಸ್ಥೆ ಸಿಐಎ ಕಡೆಯಿಂದ ಎಫ್‌ಬಿಐಗೆ ಹೇಳಿಸೋಣ, ಇದು ನಮ್ಮ ಗುಪ್ತ ವಿಷಯ, ನೀವು ದೂರ ಇರಿ ಅಂತ. ನಿಕ್ಸನ್ ಒಪ್ಪುತ್ತಾನೆ. ಇದೆಲ್ಲ ಟೇಪಿನಲ್ಲಿ ಕೂತಿತ್ತು. ಎರಡು ವರ್ಷ ಅಧ್ಯಕ್ಷ ಹೇಳ್ತಾ ಬಂದದ್ದು ಮಾತ್ರ "ನನಗೆ ಗೊತ್ತೇ ಇರಲಿಲ್ಲ" ಅಂತ.

ಬಾಯಿ ಮುಚ್ಚಿಸುವ ದುಡ್ಡಿನ ಕತೆ ಬೇರೆ ಇದೆ. ಸಿಕ್ಕಿಬಿದ್ದವರಿಗೂ ಅವರ ವಕೀಲರಿಗೂ 4 ಲಕ್ಷ ಡಾಲರಿಗೂ ಜಾಸ್ತಿ ನಗದು ಹಂಚಿದರು. ಅದರಲ್ಲಿ ಒಂದಷ್ಟನ್ನು ತಲುಪಿಸಿದವನು ಟೋನಿ ಉಲಸೆವಿಚ್, ನ್ಯೂಯಾರ್ಕಿನ ಮಾಜಿ ಪೊಲೀಸ್. ಕರೆಗಳನ್ನೆಲ್ಲ ಬೀದಿಯ ನಾಣ್ಯದ ಫೋನಿಂದಲೇ ಮಾಡಬೇಕಿತ್ತು. ಜೇಬಿನ ತುಂಬ ಚಿಲ್ಲರೆ ಹೊತ್ತು ಸಾಕಾಗಿ, ಕೊನೆಗೆ ಬಸ್ ಕಂಡಕ್ಟರುಗಳು ಸೊಂಟಕ್ಕೆ ಕಟ್ಟಿಕೊಳ್ಳುವ ಚಿಲ್ಲರೆ ಯಂತ್ರವನ್ನೇ ಕಟ್ಟಿಕೊಂಡು ಓಡಾಡಿದ. ಸೆನೆಟ್ ಮುಂದೆ ಇದನ್ನು ಅವನು ಹೇಳಿದಾಗ ಸದಸ್ಯರೇ ನಕ್ಕರು.

ಬಯಲುಸೀಮೆ ವಕೀಲ

ತುಂಗಾತೀರ ಅವರ ಪ್ರಶ್ನೆಗೆ ಬರ್ತೀನಿ. ತಾರೀಖುಗಳನ್ನು ನೋಡಿ.

ಬಟರ್‌ಫೀಲ್ಡ್ ಹೇಳಿದ್ದು ಜುಲೈ 16. ಟೇಪು ಕೊಡಿ ಎಂದು ವಿಶೇಷ ಪ್ರಾಸಿಕ್ಯೂಟರ್ ಆರ್ಚಿಬಾಲ್ಡ್ ಕಾಕ್ಸ್ ಮತ್ತು ಸೆನೆಟ್ ಸಮಿತಿ ಅಧಿಕೃತವಾಗಿ ಸಮನ್ಸ್ ಹೊರಡಿಸಿದ್ದು ಜುಲೈ 23. ಮಧ್ಯೆ ಇದ್ದದ್ದು ಒಂದು ವಾರ. ಆ ವಾರದ ಬಹುಪಾಲು ನಿಕ್ಸನ್ ಎಲ್ಲಿದ್ದರು? ನ್ಯುಮೋನಿಯಾ ಆಗಿ ಬೆಥೆಸ್ಡಾದ ನೌಕಾಪಡೆ ಆಸ್ಪತ್ರೆಯಲ್ಲಿ ಮಲಗಿದ್ದರು. ಹಾಸಿಗೆ ಸುತ್ತ ಕೂತು ಸಲಹೆಗಾರರು ಇದನ್ನೇ ಚರ್ಚೆ ಮಾಡಿದರು.

ಟೆಕ್ಸಸ್‌ನ ಮಾಜಿ ಗವರ್ನರ್ ಜಾನ್ ಕನಾಲಿ ಸುಟ್ಟುಬಿಡಿ ಅಂದವರು. ಭಾಷಣ ಬರೆಯುತ್ತಿದ್ದ ಪ್ಯಾಟ್ ಬುಕಾನನ್ ಕೂಡ ನಾಶ ಮಾಡೋದೇ ಒಳ್ಳೇದು ಅನ್ನುವ ಕಡೆ. ವಕೀಲ ಲೆನ್ ಗಾರ್ಮೆಂಟ್ ಬೇಡವೇ ಬೇಡ ಅಂದರು. ಅವರ ವಾದ ಸರಳ. ಸಮನ್ಸ್ ಬರೋದು ಖಚಿತ ಅಂತ ಗೊತ್ತಿದ್ದೂ ನಾಶ ಮಾಡಿದರೆ ಅದೇ ಸಾಕ್ಷ್ಯನಾಶ, ಅದೊಂದೇ ಸಾಕು ಮನೆಗೆ ಕಳಿಸೋದಕ್ಕೆ. ಕೆಲಸ ಬಿಟ್ಟು ಹೋಗಿದ್ದ ಹಾಲ್ಡೆಮನ್ ಕೂಡ ಇಟ್ಕೊಳ್ಳಿ, ನಮಗೇ ಉಪಯೋಗಕ್ಕೆ ಬರುತ್ತೆ ಅಂದವರು.

ಇನ್ನೊಂದು ಪ್ರಾಯೋಗಿಕ ತೊಂದರೆ. ಅವು ನೂರಾರು ಸುರುಳಿ. ಅಧ್ಯಕ್ಷರ ಭದ್ರತಾ ಪಡೆ ಸೀಕ್ರೆಟ್ ಸರ್ವೀಸ್ ವಶದಲ್ಲಿ ಬೀಗ ಹಾಕಿ ಇಟ್ಟಿದ್ದವು. ಅಧ್ಯಕ್ಷರೇ ಹೋಗಿ ಹೊತ್ತು ತಂದು ಸುಡೋಕಾಗಲ್ಲ. ಯಾರಿಗಾದರೂ ಹೇಳಬೇಕು. ಹೇಳಿಸಿಕೊಂಡವನು ನಾಳೆ ಸಾಕ್ಷಿ ಆಗ್ತಾನೆ. ಆಗಲೇ ಅವರ ಸುತ್ತ ಇದ್ದವರೆಲ್ಲ ಒಬ್ಬೊಬ್ಬರಾಗಿ ಪ್ರಾಸಿಕ್ಯೂಟರ್ ಮುಂದೆ ಬಾಯಿ ಬಿಡ್ತಾ ಇದ್ದ ಕಾಲ.

ತುಂಗಾತೀರ

ವಕೀಲ್ ಸಾರ್, ಒಪ್ಪಿದೆ. ಆದರೆ ಕಾನೂನಿಗೆ ಹೆದರಿ ಸುಡಲಿಲ್ಲ ಅನ್ನೋದು ಅರ್ಧ ಉತ್ತರ. ಬಾಯಿ ಮುಚ್ಚಿಸೋಕೆ ದುಡ್ಡು ಕೊಡುವಾಗ ಹೆದರಲಿಲ್ಲ, ಸಿಐಎ ಬಳಸುವಾಗ ಹೆದರಲಿಲ್ಲ. ಇಲ್ಲಿ ಮಾತ್ರ ಹೆದರಿದನಾ?

ಕಾಫಿಪುಡಿ

ಅದೂ ಅಲ್ಲದೆ ಒಂದು ಟೇಪಿನಲ್ಲಿ 18 ನಿಮಿಷ ಅಳಿಸಿದ್ದರಲ್ಲ! ಅದಕ್ಕೆ ಹೆದರಿಕೆ ಇರಲಿಲ್ವಾ?

ಹಳೇಪೇಪರ್

ಹದಿನೆಂಟೂವರೆ ನಿಮಿಷ. ಜೂನ್ 20, 1972ರ ಟೇಪು. ಬಂಧನ ಆಗಿ ಮೂರನೇ ದಿನ, ನಿಕ್ಸನ್ ಮತ್ತು ಹಾಲ್ಡೆಮನ್ ಮಾತು. ಹಾಲ್ಡೆಮನ್ ಬರೆದುಕೊಂಡ ಟಿಪ್ಪಣಿ ಪ್ರಕಾರ ಅಲ್ಲಿ ವಾಟರ್‌ಗೇಟ್ ವಿಷಯವೇ ಬಂದಿತ್ತು. ಟೇಪು ಹಾಕಿದರೆ ಬರೀ ಗುಂಯ್ ಅನ್ನುವ ಸದ್ದು.

ನಿಕ್ಸನ್‌ನ ಕಾರ್ಯದರ್ಶಿ ರೋಸ್ ಮೇರಿ ವುಡ್ಸ್ ಕೊಟ್ಟ ವಿವರಣೆ ಹೀಗೆ: ಟೇಪು ಕೇಳಿ ಟೈಪ್ ಮಾಡುವಾಗ ಫೋನ್ ಬಂತು, ನಿಲ್ಲಿಸುವ ಗುಂಡಿ ಬದಲು ರೆಕಾರ್ಡ್ ಗುಂಡಿ ಒತ್ತಿದೆ, ಕಾಲು ಪೆಡಲ್ ಮೇಲೇ ಇತ್ತು. ಆ ಲೆಕ್ಕದಲ್ಲೂ ಸುಮಾರು 5 ನಿಮಿಷ ಮಾತ್ರ ಅಂದರು. ಅದು ಹೇಗೆ ಆಯ್ತು ಅಂತ ಫೋಟೋಗೆ ತೋರಿಸಿದರು ನೋಡಿ, ಆ ಫೋಟೋ ಹುಡುಕಿ. ಎಡಗೈ ಹಿಂದೆ ಚಾಚಿ ಫೋನಿಗೆ, ಬಲಗೈ ಮುಂದೆ ಯಂತ್ರಕ್ಕೆ, ಒಂದು ಕಾಲು ಉದ್ದಕ್ಕೆ ಪೆಡಲ್ ಮೇಲೆ. ಯೋಗಾಸನ ಮಾಡುವವರಿಗೂ ಐದು ನಿಮಿಷ ಹಾಗೆ ನಿಲ್ಲೋದು ಕಷ್ಟ. ಕೋರ್ಟ್ ನೇಮಿಸಿದ ತಜ್ಞರು 1974ರ ಜನವರಿಯಲ್ಲಿ ಹೇಳಿದ್ದು, ಕನಿಷ್ಠ ಐದು ಸಲ ಬೇರೆ ಬೇರೆಯಾಗಿ ಅಳಿಸಿದ್ದಾರೆ ಅಂತ. ಯಾರು ಅಂತ ಇವತ್ತಿಗೂ ಇತ್ಯರ್ಥ ಆಗಿಲ್ಲ. 2003ರಲ್ಲಿ ಅಮೆರಿಕದ ರಾಷ್ಟ್ರೀಯ ದಾಖಲೆ ಸಂಸ್ಥೆ ಆ ಮಾತನ್ನು ವಾಪಸ್ ತೆಗೆಯುವ ಪ್ರಯತ್ನವನ್ನೇ ಕೈಬಿಟ್ಟಿತು.

ಅಂದರೆ ಅಳಿಸುವ ಮನಸ್ಸು ಯಾರಿಗೋ ಇತ್ತು. ಪೂರ್ತಿ ಸುಡುವ ಮನಸ್ಸು ಇರಲಿಲ್ಲ. ಆ ವ್ಯತ್ಯಾಸವೇ ನನಗೆ ಕುತೂಹಲ.

ಫ್ರೀಮಾಂಟ್ ಕನ್ನಡಿಗ

ನನ್ನ ಪ್ರಕಾರ ಉತ್ತರ ದುಡ್ಡಿನಲ್ಲಿದೆ. ಯಾರೂ ಆ ಕಡೆ ನೋಡ್ತಿಲ್ಲ.

ಆ ಕಾಲದಲ್ಲಿ ಅಧ್ಯಕ್ಷರ ಕಾಗದಪತ್ರ ಅಧ್ಯಕ್ಷರದ್ದೇ ಸ್ವಂತ ಆಸ್ತಿ ಅನ್ನೋ ವಾಡಿಕೆ ಇತ್ತು. ನಿಕ್ಸನ್‌ಗೆ ಇದರ ಬೆಲೆ ಚೆನ್ನಾಗಿ ಗೊತ್ತಿತ್ತು. ಉಪಾಧ್ಯಕ್ಷನಾಗಿದ್ದ ಕಾಲದ ಕಾಗದಗಳನ್ನು ಸರ್ಕಾರಕ್ಕೆ ದಾನ ಕೊಟ್ಟೆ ಅಂತ ತೋರಿಸಿ 5,76,000 ಡಾಲರ್ ತೆರಿಗೆ ವಿನಾಯಿತಿ ಲೆಕ್ಕ ಹಾಕಿಕೊಂಡಿದ್ದ. ಅಂಥ ವಿನಾಯಿತಿಯನ್ನು ಕಾನೂನು 1969ರ ಜುಲೈ ನಂತರಕ್ಕೆ ರದ್ದು ಮಾಡಿತ್ತು. ದಾನಪತ್ರಕ್ಕೆ ಹಳೇ ತಾರೀಖು ಹಾಕಿದ್ದು ಹೊರಬಂತು. ಕೊನೆಗೆ 4 ಲಕ್ಷ ಡಾಲರಿಗೂ ಜಾಸ್ತಿ ತೆರಿಗೆ ಬಾಕಿ ಅಂತ ತೀರ್ಮಾನ ಆಯ್ತು.

"ನಾನು ವಂಚಕನಲ್ಲ" ಅನ್ನೋ ಪ್ರಸಿದ್ಧ ಮಾತು ಇದೆಯಲ್ಲ, 1973ರ ನವೆಂಬರ್ 17ರದ್ದು, ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಪತ್ರಿಕಾ ಸಂಪಾದಕರ ಮುಂದೆ ಹೇಳಿದ್ದು. ಎಲ್ಲರೂ ಅದನ್ನು ಕಳ್ಳತನಕ್ಕೆ ಸೇರಿಸಿ ಹೇಳ್ತಾರೆ. ಅವನು ಹೇಳಿದ್ದು ತನ್ನ ಸ್ವಂತ ಆದಾಯ, ಆಸ್ತಿ ವಿಷಯಕ್ಕೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಟೇಪು ಅಂದರೆ ಮುಂದೆ ಬರೆಯುವ ಪುಸ್ತಕಗಳಿಗೆ ಕಚ್ಚಾ ಸಾಮಾನು. ಚೀನಾಕ್ಕೆ ಬಾಗಿಲು ತೆಗೆದೆ, ರಷ್ಯಾ ಜತೆ ಒಪ್ಪಂದ ಮಾಡಿದೆ, ಇವರೆಲ್ಲ ನನ್ನ ಮುಂದೆ ಏನು ಹೇಳಿದರು ಅನ್ನೋ ದಾಖಲೆ ನನ್ನ ಹತ್ತಿರ ಮಾತ್ರ ಇದೆ ಅನ್ನೋ ಲೆಕ್ಕ. ವಿದೇಶ ವ್ಯವಹಾರದ ಸಲಹೆಗಾರ ಕಿಸಿಂಜರ್ ಮುಂದೆ ಬೇರೆ ಕತೆ ಬರೆದರೆ ಉತ್ತರ ಕೊಡೋಕೆ ಬೇಕಲ್ಲ! ಅಂದಹಾಗೆ ಕಿಸಿಂಜರ್‌ಗೇ ಈ ವ್ಯವಸ್ಥೆ ಗೊತ್ತಿರಲಿಲ್ಲ.

ಸೀಬೆತೋಟ

ಇದು ಕೇಳೋಕೆ ಚೆನ್ನಾಗಿದೆ, ಆದರೆ ಜೈಲು ಎದುರಿಗೆ ಇರುವಾಗ ಪುಸ್ತಕದ ಲಾಭ ಯಾರು ನೋಡ್ತಾರೆ?

ಫ್ರೀಮಾಂಟ್ ಕನ್ನಡಿಗ

ಮೇಡಂ, 1973ರ ಜುಲೈನಲ್ಲಿ ಜೈಲು ಎದುರಿಗೆ ಇರಲಿಲ್ಲ. ಅವನ ಲೆಕ್ಕದಲ್ಲಿ ಟೇಪು ಯಾರ ಕೈಗೂ ಹೋಗೋದೇ ಇಲ್ಲ. ಅಧ್ಯಕ್ಷರ ಖಾಸಗಿ ಮಾತುಕತೆಗೆ ಗೌಪ್ಯತೆಯ ಹಕ್ಕು ಇದೆ, ಕೋರ್ಟು ಕೈ ಹಾಕಲ್ಲ ಅಂತ ನಂಬಿದ್ದ. ಟೇಪು ತನ್ನನ್ನು ಕಾಪಾಡುತ್ತೆ ಅನ್ನುವ ಧಾಟಿಯ ಮಾತು ಅವನ ಆತ್ಮಕಥೆಯಲ್ಲೂ ಇದೆ. ಡೀನ್ ಸುಳ್ಳು ಹೇಳ್ತಿದ್ದಾನೆ ಅಂತ ತೋರಿಸೋಕೆ ಬೇಕಾದ ತುಂಡು ಮಾತ್ರ ಆರಿಸಿ ಬಳಸಬಹುದು ಅನ್ನೋ ಆಸೆ.

ನಾನು ಯೋರ್ಬಾ ಲಿಂಡಾದಲ್ಲಿರುವ ನಿಕ್ಸನ್ ಗ್ರಂಥಾಲಯಕ್ಕೆ ಹೋಗಿದ್ದೆ. ಲಾಸ್ ಏಂಜಲೀಸ್ ಕಡೆಗೆ ಹೋದವರು ನೋಡಿ ಬನ್ನಿ. ಅವನು ಹುಟ್ಟಿದ ಪುಟ್ಟ ಬಿಳಿ ಮನೆ ಅಲ್ಲೇ ಇದೆ, ಅಪ್ಪ ಕಟ್ಟಿದ್ದು. ಸಮಾಧಿಯೂ ಅಲ್ಲೇ. ರಾಜೀನಾಮೆ ದಿನ ಎರಡೂ ಕೈ ಎತ್ತಿ ಬೆರಳು ತೋರಿಸಿ ಹತ್ತಿದ ಹೆಲಿಕಾಪ್ಟರ್ ಕೂಡ ನಾನು ಹೋದಾಗ ಅಂಗಳದಲ್ಲಿ ನಿಲ್ಲಿಸಿದ್ದರು. ಒಳಗಿನ ವಾಟರ್‌ಗೇಟ್ ವಿಭಾಗ ಮೊದಲು ಅವನ ಅಭಿಮಾನಿಗಳ ಕೈಯಲ್ಲಿ ಇತ್ತು, ಎಲ್ಲ ವಿರೋಧಿಗಳ ಪಿತೂರಿ ಅನ್ನೋ ಧಾಟಿ. ಸರ್ಕಾರದ ದಾಖಲೆ ಸಂಸ್ಥೆ ವಹಿಸಿಕೊಂಡ ಮೇಲೆ 2011ರಲ್ಲಿ ಪೂರ್ತಿ ಬದಲಾಯಿಸಿದರು. ಈಗ ಟೇಪಿನ ತುಣುಕುಗಳನ್ನು ಅಲ್ಲೇ ನಿಂತು ಕೇಳಬಹುದು.

ಇನ್ನೊಂದು ತಮಾಷೆ. ರಾಜೀನಾಮೆ ಆದ ಮೇಲೆ 1974ರಲ್ಲೇ ಸಂಸತ್ತು ಕಾನೂನು ಮಾಡಿ ಟೇಪು, ಕಾಗದ ಎಲ್ಲ ವಶಪಡಿಸಿಕೊಂಡಿತು. ನನ್ನ ಆಸ್ತಿ ಕಿತ್ಕೊಂಡ್ರಿ ಅಂತ ನಿಕ್ಸನ್ ಕೇಸು ಹಾಕಿದ. ಅವನು ಸತ್ತು ಆರು ವರ್ಷಕ್ಕೆ, 2000ದಲ್ಲಿ, ಸರ್ಕಾರ ಅವನ ವಾರಸುದಾರರಿಗೆ 1 ಕೋಟಿ 80 ಲಕ್ಷ ಡಾಲರ್ ಪರಿಹಾರ ಕೊಡೋಕೆ ಒಪ್ಪಿತು. ಈಗ ಹೇಳಿ, ಆಸ್ತಿ ಹೌದೋ ಅಲ್ವೋ?

ಮಲೆನಾಡ್ ಹುಡುಗ

ಎಲ್ಲರೂ ನಿಕ್ಸನ್ ಮೇಲೇ ಬೀಳ್ತೀರಲ್ಲ ಗುರು. ಕೆನಡಿ ಟೇಪು ಮಾಡಿದ್ದ, ಜಾನ್ಸನ್ ಟೇಪು ಮಾಡಿದ್ದ. ನಿಕ್ಸನ್ ಬಂದ ಹೊಸದರಲ್ಲಿ ಜಾನ್ಸನ್ ಹಾಕಿಸಿದ್ದನ್ನೆಲ್ಲ ಕೀಳಿಸಿದ, ಆಮೇಲೆ 1971ರ ಫೆಬ್ರವರಿಯಲ್ಲಿ ತಾನೇ ಹಾಕಿಸಿಕೊಂಡ. ಮೈ ಮರೆತದ್ದು ಯಾಕೆ ಗೊತ್ತಾ? ಹಿಂದಿನವರು ಬೇಕೆಂದಾಗ ಗುಂಡಿ ಒತ್ತಬೇಕಿತ್ತು. ಇವನದ್ದು ಮಾತು ಶುರುವಾದರೆ ತಾನಾಗೇ ಓಡುವ ಯಂತ್ರ. ನಿಕ್ಸನ್‌ಗೆ ಯಂತ್ರ ಅಂದರೆ ಆಗ್ತಿರಲಿಲ್ಲ, ಅದಕ್ಕೇ ಹಾಗೆ ಮಾಡಿದರು.

ಚೀನಾ ಭೇಟಿ, ಪರಿಸರ ಸಂರಕ್ಷಣಾ ಸಂಸ್ಥೆ, ಕಡ್ಡಾಯ ಸೇನಾ ಭರ್ತಿ ನಿಲ್ಲಿಸಿದ್ದು, ಇದೆಲ್ಲ ಮಾಡಿದ್ದೂ ಅವನೇ. ಒಂದು ಕೆಟ್ಟ ಕೆಲಸಕ್ಕೆ ಎಲ್ಲ ಅಳಿಸಿಬಿಡೋದಾ?

ಸೀಬೆತೋಟ

ಚೀನಾ ಭೇಟಿ ಅಂದ್ರಲ್ಲ, ಅದರ ಬೆಲೆ ಯಾರು ಕಟ್ಟಿದ್ದು? ಕಿಸಿಂಜರ್ 1971ರ ಜುಲೈನಲ್ಲಿ ಗುಟ್ಟಾಗಿ ಬೀಜಿಂಗ್‌ಗೆ ಹೋದದ್ದು ಪಾಕಿಸ್ತಾನದ ಮೂಲಕ. ಯಾಹ್ಯಾ ಖಾನ್ ದಾರಿ ಮಾಡಿಕೊಟ್ಟರು. ಅದೇ ಹೊತ್ತಿಗೆ ಪೂರ್ವ ಪಾಕಿಸ್ತಾನದಲ್ಲಿ ಅವರದೇ ಸೇನೆ ಜನರನ್ನು ಕೊಲ್ತಾ ಇತ್ತು. ಢಾಕಾದಲ್ಲಿದ್ದ ಅಮೆರಿಕದ ಕಾನ್ಸಲ್ ಜನರಲ್ ಆರ್ಚರ್ ಬ್ಲಡ್ ಮತ್ತು ಅವರ ಸಿಬ್ಬಂದಿ ಏಪ್ರಿಲ್ 6ರಂದು ತಮ್ಮ ಸರ್ಕಾರದ ನೀತಿಯನ್ನೇ ಖಂಡಿಸಿ ತಂತಿ ಕಳಿಸಿದರು. ಆಗಿದ್ದೇನು? ಬ್ಲಡ್ ಅವರನ್ನೇ ಅಲ್ಲಿಂದ ಎತ್ತಂಗಡಿ ಮಾಡಿದರು.

ಲಕ್ಷಗಟ್ಟಲೆ ನಿರಾಶ್ರಿತರು ಬಂಗಾಳಕ್ಕೆ ನುಗ್ಗಿ ಬರ್ತಾ ಇದ್ದಾಗ ಇಂದಿರಾ ಗಾಂಧಿ ನವೆಂಬರ್‌ನಲ್ಲಿ ವಾಷಿಂಗ್ಟನ್‌ಗೆ ಹೋದರು. ಮರುದಿನ ಓವಲ್ ಆಫೀಸಿನಲ್ಲಿ ನಿಕ್ಸನ್, ಕಿಸಿಂಜರ್ ಕೂತು ಆಕೆ ಬಗ್ಗೆ ಆಡಿದ ಮಾತು ಇದೇ ಟೇಪುಗಳಲ್ಲಿದೆ. ನಿಕ್ಸನ್ ಆಕೆಯನ್ನು ಮುದಿ ಮಾಟಗಾತಿ ಅಂದ. ಕಿಸಿಂಜರ್ ಅಂದದ್ದನ್ನು ಇಲ್ಲಿ ಬರೆಯೋಕೆ ನನಗೆ ಇಷ್ಟ ಇಲ್ಲ. 2005ರಲ್ಲಿ ಅದು ಹೊರಬಂದ ಮೇಲೆ ಕಿಸಿಂಜರ್ ವಿಷಾದ ಹೇಳಿದರು. 2020ರಲ್ಲಿ ಇನ್ನೂ ಒಂದಷ್ಟು ಹೊರಬಂತು, ಭಾರತದ ಹೆಂಗಸರ ಬಗ್ಗೆ ನಿಕ್ಸನ್ ಆಡಿದ ಅಸಹ್ಯ ಮಾತು. 1971ರ ಡಿಸೆಂಬರ್ ಯುದ್ಧದ ಹೊತ್ತಿಗೆ ಎಂಟರ್‌ಪ್ರೈಸ್ ಯುದ್ಧನೌಕೆಯನ್ನು ಬಂಗಾಳ ಕೊಲ್ಲಿಗೆ ಕಳಿಸಿದ್ದು ನಮ್ಮ ಮನೆಯ ಹಿರಿಯರಿಗೆಲ್ಲ ಇನ್ನೂ ನೆನಪಿದೆ.

ಹಾಗಾಗಿ ತುಂಗಾತೀರ ಅವರೇ, ಯಾಕೆ ಸುಡಲಿಲ್ಲ ಅನ್ನೋದು ನನಗೆ ಮುಖ್ಯ ಅಲ್ಲ. ಸುಡಲಿಲ್ಲವಾದ್ದರಿಂದ ನಮ್ಮ ದೇಶದ ಬಗ್ಗೆ ಬಾಗಿಲು ಹಾಕಿಕೊಂಡು ಏನು ಮಾತಾಡಿದರು ಅಂತ ಗೊತ್ತಾಯ್ತಲ್ಲ, ಅಷ್ಟು ಸಾಕು.

ಹಳೇಪೇಪರ್

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಬರೀ ಕಾಕತಾಳೀಯ. ನಿಕ್ಸನ್‌ಗೆ ಹೊಟ್ಟೆ ಉರಿಸಿದ ಭಾರತ–ಸೋವಿಯತ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1971ರ ಆಗಸ್ಟ್ 9. ಅವನು ಕುರ್ಚಿ ಬಿಟ್ಟದ್ದು 1974ರ ಆಗಸ್ಟ್ 9.

ಕಾಫಿಪುಡಿ

ಆಗಸ್ಟ್ ತಿಂಗಳೇ ಸರಿ ಇಲ್ಲ ಅನ್ಸುತ್ತೆ. ನಮ್ಮ ರಾಮಕೃಷ್ಣ ಹೆಗಡೆ ಅವರೂ ಫೋನ್ ಕದ್ದಾಲಿಕೆ ಗಲಾಟೆಯಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು 1988ರ ಆಗಸ್ಟ್‌ನಲ್ಲೇ. ನಮ್ಮ ವಾಟರ್‌ಗೇಟ್ ಅಂತ ಆಗ ಪೇಪರಿನವರು ಬರೆದಿರಬೇಕು!

ಬಯಲುಸೀಮೆ ವಕೀಲ

ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಹೆಗಡೆ ಅವರ ಕಾಲದಲ್ಲಿ ಬಂದ ಆರೋಪ ಬೇರೆಯವರ ಫೋನ್ ಕೇಳಿದ್ದರ ಬಗ್ಗೆ. ಆರೋಪ ಬಂತು, ಸ್ಥಾನ ಬಿಟ್ಟರು, ಎಸ್.ಆರ್. ಬೊಮ್ಮಾಯಿ ಬಂದರು. ಕೋರ್ಟು, ವಾಗ್ದಂಡನೆ ಅಂತ ಎರಡು ವರ್ಷ ಎಳೆಯಲಿಲ್ಲ. ನಿಕ್ಸನ್ ಸಿಕ್ಕಿಬಿದ್ದದ್ದು ತನ್ನ ಮಾತನ್ನು ತಾನೇ ರೆಕಾರ್ಡ್ ಮಾಡಿಕೊಂಡು. ಬೇರೆಯವರ ಫೋನ್ ಕದ್ದು ಕೇಳಿದ್ದೂ ಇದೆ, ಅದು ಬೇರೆ ಪ್ರಕರಣ. ಕಾಂಬೋಡಿಯಾ ಮೇಲೆ ಗುಟ್ಟಾಗಿ ಬಾಂಬು ಹಾಕಿದ ಸುದ್ದಿ 1969ರಲ್ಲಿ ಸೋರಿದಾಗ 17 ಜನರ ಫೋನ್‌ಗೆ ಕಿವಿ ಇಟ್ಟರು, ಅದರಲ್ಲಿ 4 ಜನ ಪತ್ರಕರ್ತರು.

ಹೋಲಿಸೋದಾದರೆ ನಾನು 1975ನ್ನು ಹೋಲಿಸ್ತೀನಿ. ಇಂದಿರಾ ಗಾಂಧಿ ಗೆಲುವನ್ನು ಪ್ರಶ್ನಿಸಿದ ರಾಜ್ ನಾರಾಯಣ್ ಕೇಸಿನಲ್ಲಿ ಪ್ರಧಾನಿ ಪ್ರವಾಸದ ಭದ್ರತಾ ಸೂಚನೆಗಳ ಪುಸ್ತಕ ಕೋರ್ಟಿಗೆ ಬೇಕು ಅಂದಾಗ ಉತ್ತರ ಪ್ರದೇಶ ಸರ್ಕಾರ ಗೌಪ್ಯ ಅಂತ ತಡೆಯಿತು. ಗೌಪ್ಯ ಹೌದೋ ಅಲ್ಲವೋ ಅಂತ ಕೊನೇ ಮಾತು ಹೇಳೋದು ಕೋರ್ಟು ಅಂತ ನಮ್ಮ ಸುಪ್ರೀಂ ಕೋರ್ಟ್ ಆ ವರ್ಷದ ಜನವರಿಯಲ್ಲಿ ಹೇಳಿತು. ಅಮೆರಿಕದ ಸುಪ್ರೀಂ ಕೋರ್ಟ್ ಅದಕ್ಕೆ ಆರು ತಿಂಗಳ ಹಿಂದೆ, 1974ರ ಜುಲೈ 24ರಂದು, 8–0 ತೀರ್ಪಿನಲ್ಲಿ ನಿಕ್ಸನ್‌ಗೆ ಹೇಳಿದ್ದೂ ಬಹುಮಟ್ಟಿಗೆ ಇದನ್ನೇ. ಆ ಎಂಟರಲ್ಲಿ ಮೂವರು ನಿಕ್ಸನ್ ಅವರೇ ನೇಮಿಸಿದವರು. ನಾಲ್ಕನೆಯವರಾದ ರೆನ್‌ಕ್ವಿಸ್ಟ್ ಹಿಂದೆ ಅದೇ ಸರ್ಕಾರದ ನ್ಯಾಯ ಇಲಾಖೆಯಲ್ಲಿ ಇದ್ದವರು, ಅದಕ್ಕೆ ಕೇಸಿನಿಂದ ದೂರ ಉಳಿದರು.

ಅಲ್ಲಿ ತೀರ್ಪು ಬಂದ ಹದಿನೈದು ದಿನದಲ್ಲಿ ಅಧ್ಯಕ್ಷ ಮನೆಗೆ ಹೋದರು. ಇಲ್ಲಿ 1975ರ ಜೂನ್ 12ರಂದು ಅಲಹಾಬಾದ್ ತೀರ್ಪು ಬಂತು, ಜೂನ್ 25ಕ್ಕೆ ತುರ್ತು ಪರಿಸ್ಥಿತಿ.

ತುಂಗಾತೀರ

ಅಲ್ಲಿ ಹೇಗೆ ಹೋದರು ಅನ್ನೋದನ್ನೂ ಹೇಳಿ. ತೀರ್ಪು ಬಂದರೂ ಟೇಪು ಕೊಡಲ್ಲ ಅನ್ನಬಹುದಿತ್ತಲ್ವಾ?

ಹಳೇಪೇಪರ್

ಅಷ್ಟು ಹೊತ್ತಿಗೆ ಬಲ ಉಡುಗಿತ್ತು. ಒಂದು ಸಲ ಹಾಗೆ ಮಾಡಿ ನೋಡಿದ್ದ. 1973ರ ಅಕ್ಟೋಬರ್ 20, ಶನಿವಾರ ರಾತ್ರಿ. ಟೇಪಿಗಾಗಿ ಪಟ್ಟು ಹಿಡಿದ ಕಾಕ್ಸ್‌ನನ್ನು ವಜಾ ಮಾಡು ಅಂತ ಅಟಾರ್ನಿ ಜನರಲ್ ರಿಚರ್ಡ್‌ಸನ್‌ಗೆ ಹೇಳಿದ. ಆತ ಆಗಲ್ಲ ಅಂತ ರಾಜೀನಾಮೆ ಕೊಟ್ಟ. ಕೆಳಗಿನ ರಕಲ್‌ಸ್‌ಹೌಸ್‌ಗೆ ಹೇಳಿದ. ಆತನೂ ಒಪ್ಪಲಿಲ್ಲ, ಅವನೂ ಹೊರಗೆ. ಮೂರನೇ ಸ್ಥಾನದ ರಾಬರ್ಟ್ ಬೋರ್ಕ್ ಆದೇಶಕ್ಕೆ ಸಹಿ ಹಾಕಿದ. ಜನ ತಂತಿ ಮೇಲೆ ತಂತಿ ಕಳಿಸಿ ಸಂಸತ್ತನ್ನು ಮುಳುಗಿಸಿಬಿಟ್ಟರು. ಹೊಸ ಪ್ರಾಸಿಕ್ಯೂಟರ್ ಲಿಯಾನ್ ಜಾವರ್ಸ್ಕಿ ಬಂದ, ಅವನೂ ಕೇಳಿದ್ದು ಅದೇ ಟೇಪು.

ಅದೇ ತಿಂಗಳು ಉಪಾಧ್ಯಕ್ಷ ಆಗ್ನ್ಯೂ ತೆರಿಗೆ ವಂಚನೆ ಪ್ರಕರಣದಲ್ಲಿ ಹೋಗಿದ್ದ. ಆ ಜಾಗಕ್ಕೆ ಬಂದವನು ಜೆರಾಲ್ಡ್ ಫೋರ್ಡ್.

1974ರ ಜುಲೈ ಕೊನೆಯಲ್ಲಿ ಕೆಳಮನೆಯ ನ್ಯಾಯಾಂಗ ಸಮಿತಿ ವಾಗ್ದಂಡನೆಯ ಮೂರು ಆರೋಪಗಳನ್ನು ಒಪ್ಪಿತು. ಮೊದಲನೆಯದಕ್ಕೆ 27–11. ಅವನದೇ ಪಕ್ಷದ ಆರು ಮಂದಿ ಅವನ ವಿರುದ್ಧ ಕೈ ಎತ್ತಿದರು. ಆಗಸ್ಟ್ 5ರಂದು ಜೂನ್ 23ರ ಟೇಪಿನ ಪ್ರತಿ ಹೊರಬಂತು. ಸಮಿತಿಯಲ್ಲಿ ಅವನ ಪರ ನಿಂತಿದ್ದವರೂ ಅವತ್ತು ಕೈ ಚೆಲ್ಲಿದರು. ಆಗಸ್ಟ್ 7ರಂದು ಅವನದೇ ಪಕ್ಷದ ಬ್ಯಾರಿ ಗೋಲ್ಡ್‌ವಾಟರ್, ಹ್ಯೂ ಸ್ಕಾಟ್, ಜಾನ್ ರೋಡ್ಸ್ ಶ್ವೇತಭವನಕ್ಕೆ ಹೋಗಿ ಲೆಕ್ಕ ಹೇಳಿದರು, ನಿಮಗೆ ಬೇಕಾದಷ್ಟು ಮತ ಇಲ್ಲ. 8ರ ರಾತ್ರಿ ಟಿವಿ ಭಾಷಣ. 9ರಂದು ವಿದೇಶಾಂಗ ಕಾರ್ಯದರ್ಶಿ ಕಿಸಿಂಜರ್ ಹೆಸರಿಗೆ ಒಂದೇ ಸಾಲಿನ ರಾಜೀನಾಮೆ ಪತ್ರ. ಕಾರಣ ಕೂಡ ಬರೆದಿಲ್ಲ. 11.35ಕ್ಕೆ ಕಿಸಿಂಜರ್ ಅದರ ಮೇಲೆ ತನ್ನ ಹೆಸರಿನ ಮೊದಲಕ್ಷರ ಹಾಕಿದ.

ಮಲೆನಾಡ್ ಹುಡುಗ

ಶಿಕ್ಷೆ ಏನೂ ಆಗಲಿಲ್ಲವಲ್ಲ. ಸೆಪ್ಟೆಂಬರ್ 8ಕ್ಕೆ ಫೋರ್ಡ್ ಪೂರ್ತಿ ಕ್ಷಮಾದಾನ ಕೊಟ್ಟ. ಪಿಂಚಣಿ ಬಂತು. 1977ರಲ್ಲಿ ಡೇವಿಡ್ ಫ್ರಾಸ್ಟ್‌ಗೆ ಸಂದರ್ಶನ ಕೊಡೋಕೆ 6 ಲಕ್ಷ ಡಾಲರ್ ಬಂತು. ಅಧ್ಯಕ್ಷ ಮಾಡಿದರೆ ಅದು ಕಾನೂನುಬಾಹಿರ ಅಲ್ಲ ಅಂತ ಅಲ್ಲಿ ಹೇಳಿದ್ದು.

ಸೀಬೆತೋಟ

ಅವನಿಗೆ ಆಗಲಿಲ್ಲ, ಹೇಳಿದ್ದು ಕೇಳಿದವರಿಗೆ ಆಯ್ತು. ಅಟಾರ್ನಿ ಜನರಲ್ ಆಗಿದ್ದ ಜಾನ್ ಮಿಚೆಲ್ 19 ತಿಂಗಳು ಜೈಲಲ್ಲಿದ್ದರು. ಹಾಲ್ಡೆಮನ್ 18 ತಿಂಗಳು.

ಫ್ರ್ಯಾಂಕ್ ವಿಲ್ಸ್ ಗತಿ ಏನಾಯ್ತು ಗೊತ್ತಾ? ಆ ಅಂಟುಪಟ್ಟಿ ನೋಡಿದ ಹುಡುಗ. ವಾರಕ್ಕೆ 80 ಡಾಲರ್ ಸಂಬಳ. ಸ್ವಲ್ಪ ದಿನ ಹೆಸರು ಬಂತು, ಈ ಹಗರಣದ ಮೇಲೆ ತೆಗೆದ ಸಿನಿಮಾದಲ್ಲಿ ತನ್ನ ಪಾತ್ರ ತಾನೇ ಮಾಡಿದ. ಆಮೇಲೆ ಗಟ್ಟಿಯಾದ ಕೆಲಸ ಸಿಗಲಿಲ್ಲ. 1983ರಲ್ಲಿ ಅಂಗಡಿಯಿಂದ ಒಂದು ಜೊತೆ ಶೂ ಕದ್ದ ಅಂತ ಒಂದು ವರ್ಷ ಜೈಲು ಶಿಕ್ಷೆ ಕೊಟ್ಟರು. 12 ಡಾಲರಿನ ಶೂ. 2000ದಲ್ಲಿ ಬಡತನದಲ್ಲೇ ತೀರಿಕೊಂಡ, 52 ವರ್ಷಕ್ಕೆ. ನಿಕ್ಸನ್ ವಾರಸುದಾರರಿಗೆ 1 ಕೋಟಿ 80 ಲಕ್ಷ ಡಾಲರ್ ಒಪ್ಪಂದ ಆಯ್ತು ಅಂದ್ರಲ್ಲ ಫ್ರೀಮಾಂಟ್‌ನವರು, ಅದೇ ವರ್ಷ.

ತುಂಗಾತೀರ

ಇದು ನನಗೆ ಗೊತ್ತಿರಲಿಲ್ಲ ಮೇಡಂ. ಸಂಕಟ ಆಯ್ತು ಓದಿ.

ವಕೀಲ್ ಸಾರ್, ಕೊನೇ ಪ್ರಶ್ನೆ. ಇವತ್ತು ಇದೇ ಟೇಪು ಸಿಕ್ಕಿದ್ದರೆ?

ಬಯಲುಸೀಮೆ ವಕೀಲ

2024ರ ಜುಲೈ 1ರಂದು ಟ್ರಂಪ್ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಓದಿ. ಅಧ್ಯಕ್ಷರ ಅಧಿಕೃತ ಕೆಲಸಗಳಿಗೆ ಕ್ರಿಮಿನಲ್ ಮೊಕದ್ದಮೆಯಿಂದ ರಕ್ಷಣೆ ಇದೆ ಅಂತ 6–3ರಲ್ಲಿ ಹೇಳಿತು. ತನ್ನ ಸಿಬ್ಬಂದಿ ಜತೆ ಕೂತು ಸಿಐಎ, ಎಫ್‌ಬಿಐ ಬಗ್ಗೆ ಮಾತಾಡಿದ್ದು ಅಧಿಕೃತ ಕೆಲಸವೇ ಅಂತ ಒಬ್ಬ ಒಳ್ಳೇ ವಕೀಲ ಇವತ್ತು ವಾದ ಮಾಡಬಹುದು, ಗೆಲ್ಲಲೂಬಹುದು. ವಾಗ್ದಂಡನೆ ಬೇರೆ ದಾರಿ, ಅದು ಹಾಗೇ ಇದೆ. ಆದರೆ ಅದಕ್ಕೆ ಸ್ವಂತ ಪಕ್ಷದವರು ಕೈ ಎತ್ತಬೇಕು. ಗೋಲ್ಡ್‌ವಾಟರ್ ಥರದವರು ಇವತ್ತು ಯಾರಿದ್ದಾರೆ ಅಂತ ನೀವೇ ಹೇಳಿ.

ಟೇಪು ಸುಡದ್ದಕ್ಕೆ ಫ್ರೀಮಾಂಟ್‌ನವರ ಆಸ್ತಿ ವಾದ ನನಗೂ ಹಿಡಿಸಿತು. ಇದುವರೆಗೆ ನಾನು ಬರೀ ಸಮನ್ಸ್ ತಾರೀಖು ಹಿಡಿದು ಯೋಚನೆ ಮಾಡ್ತಿದ್ದೆ.

ಕಾಫಿಪುಡಿ

ನಾನು ಸೊಕ್ಕು ಅನ್ನೋದನ್ನು ಬಿಡಲ್ಲ. ನನ್ನ ಮಾತಿಗೆ ಇಷ್ಟು ಬೆಲೆ ಇದೆ ಅಂದ್ಕೊಳ್ಳೋದೂ ಸೊಕ್ಕೇ ತಾನೆ?

ಇರಲಿ, ಆ ಟೇಪು ಕೇಳೋಕೆ ಎಲ್ಲಿ ಸಿಗುತ್ತೆ?

ಫ್ರೀಮಾಂಟ್ ಕನ್ನಡಿಗ

ಬಿಡುಗಡೆ ಆದದ್ದೆಲ್ಲ ನಿಕ್ಸನ್ ಗ್ರಂಥಾಲಯದ ಜಾಲತಾಣದಲ್ಲೇ ಉಚಿತ. ಒಟ್ಟು ಸುಮಾರು 3,700 ಗಂಟೆ ರೆಕಾರ್ಡ್ ಆಗಿದೆ, ಎಲ್ಲ ಕೇಳ್ತೀನಿ ಅಂತ ಕೂರಬೇಡಿ. ಜೂನ್ 23ರ ಮಾತು ಬೇಕಾದರೆ ಸಂಭಾಷಣೆ ಸಂಖ್ಯೆ 741-2 ಅಂತ ಹುಡುಕಿ. ಇಯರ್‌ಫೋನ್ ಹಾಕ್ಕೊಳ್ಳಿ. ಮೈಕುಗಳನ್ನು ಮೇಜಿಗೇ ಕೂರಿಸಿದ್ದರಿಂದ ಕಾಫಿ ಕಪ್ ಇಟ್ಟರೆ ಗುಡುಗಿದ ಹಾಗೆ ಕೇಳುತ್ತೆ, ಮಾತು ಮಾತ್ರ ದೂರದಲ್ಲಿ. ಪಕ್ಕದ ಕಟ್ಟಡದ ಕಚೇರಿಯ ಟೇಪುಗಳು ಇನ್ನೂ ಕೆಟ್ಟದಾಗಿವೆ. ಮೊದಲ ಸಲ ಕೇಳುವವರು ಫೋನ್ ಕರೆಗಳಿಂದ ಶುರು ಮಾಡಿ, ಅವು ಸ್ವಚ್ಛವಾಗಿವೆ.